ರೈಜೆನ್ 5 5600ಎಕ್ಸ್: ವೇಗ ಹೆಚ್ಚಿಸುವ ಮೂರು ದಾರಿ, ಮೂರು ಬಗೆಯ ಬಿಸಿ

ಎಎಂಡಿಯ ರೈಜೆನ್ 5 5600ಎಕ್ಸ್ 2020ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ, ಲೆಕ್ಕ ಮಾಡುವ ಆರು ಘಟಕಗಳ ಅಂದರೆ ಆರು ಕೋರ್‌ಗಳ ಪ್ರೊಸೆಸರ್. ಅದರ ಮೂಲ ವೇಗ 3.7 ಗಿಗಾಹರ್ಟ್ಸ್, ಗರಿಷ್ಠ ಬೂಸ್ಟ್ (ತಾನಾಗಿ ಏರಿಸಿಕೊಳ್ಳುವ ವೇಗ) 4.6. ಏನನ್ನೂ ಮುಟ್ಟದೆ ಬಿಟ್ಟರೆ ಅದು 76 ವ್ಯಾಟ್‌ನ ಮಿತಿಯೊಳಗೇ ಇರುತ್ತದೆ. 95 ಡಿಗ್ರಿ ಮುಟ್ಟಿದರೆ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಇದನ್ನು ಇನ್ನಷ್ಟು ಓಡಿಸುವ ಮೂರು ದಾರಿಗಳನ್ನು ನಾನು ಪ್ರೊಸೆಸರಿನ ಮೇಲೆ ಕೂರಿಸುವ ಒಂದೇ ಟವರ್ ಏರ್ ಕೂಲರ್ (ಫ್ಯಾನುಳ್ಳ ತಂಪುಕಾರಿ) ಇಟ್ಟುಕೊಂಡು, ಎಸಿ ಇಲ್ಲದ ಮಂಗಳೂರಿನ ಕೋಣೆಯಲ್ಲಿ ಹೋಲಿಸಿ ನೋಡಿದೆ. ಯಾವ ಏರ್ ಕೂಲರ್ ಕೂಡ ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಆದ್ದರಿಂದ ಏಪ್ರಿಲ್‌ನಲ್ಲಿ ಕೋಣೆಯೇ 32 ಡಿಗ್ರಿ ಇರುವಾಗ, ಚಳಿ ದೇಶದವರು ತೋರಿಸುವ ಅಂಕಿಗಳ ಮೇಲೆ ಹತ್ತು ಡಿಗ್ರಿ ಸೇರಿಸಿಕೊಂಡೇ ನಾವು ಲೆಕ್ಕ ಶುರುಮಾಡಬೇಕು. ಪರೀಕ್ಷೆಗೆ ಬಳಸಿದ ಮುಖ್ಯ ಕೆಲಸ, ಇಡೀ ರಾತ್ರಿಯ ಯಕ್ಷಗಾನದ ವಿಡಿಯೊಗಳನ್ನು ಎಚ್.265 ಎಂಬ ವಿಡಿಯೊ ಮಾದರಿಗೆ ಕುಗ್ಗಿಸುವುದು.

ಮೊದಲನೆಯದು ಹಳೆಯ ಪದ್ಧತಿ: ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳ ಪುಟವಾದ ಬಯೋಸ್‌ನಲ್ಲಿ ಎಲ್ಲ ಕೋರ್‌ಗಳನ್ನೂ 4.7 ಗಿಗಾಹರ್ಟ್ಸ್‌ಗೆ ಸ್ಥಿರಗೊಳಿಸಿ 1.35 ವೋಲ್ಟ್ ಕೊಡುವುದು. ಪ್ರೊಸೆಸರ್ ಬಳಸುವ ವಿದ್ಯುತ್ತು ವೇಗಕ್ಕೆ ತಕ್ಕಷ್ಟು ಏರಿದರೆ, ವೋಲ್ಟೇಜಿನ ವರ್ಗಕ್ಕೆ ತಕ್ಕಷ್ಟು ಏರುತ್ತದೆ ಎಂಬುದೇ ಇಲ್ಲಿನ ತೊಡಕು. ತನ್ನ ಪಾಡಿಗೆ ಬಿಟ್ಟಾಗ ಪೂರ್ತಿ ಹೊರೆಯಲ್ಲಿ ಅದು ಸುಮಾರು 4.45 ಗಿಗಾಹರ್ಟ್ಸ್, 1.2 ವೋಲ್ಟ್‌ನಲ್ಲಿ ಓಡುತ್ತಿತ್ತು, ಅಲ್ಲಿಂದ 4.7ಕ್ಕೆ ಹೋದರೆ ವೇಗ ಹೆಚ್ಚುವುದು ನೂರಕ್ಕೆ 6ಕ್ಕಿಂತ ಕಡಿಮೆ, ವಿದ್ಯುತ್ತು ಮಾತ್ರ ನೂರಕ್ಕೆ ಸುಮಾರು 34ರಷ್ಟು. ತಾಪ 85 ದಾಟಿತು, ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳಿಸಿತು. ದೊಡ್ಡ ಕೂಲರ್ ಹಾಕಿದರೆ ಸರಿಹೋದೀತು ಎನ್ನುವವರಿದ್ದಾರೆ. ಆದರೆ ಈ ಬಿಸಿಯ ಬಹುಪಾಲು ಹುಟ್ಟುವುದು ಸುಮಾರು 80 ಚದರ ಮಿಲಿಮೀಟರ್‌ನ ಒಂದು ಸಿಲಿಕಾನ್ ತುಣುಕಿನಲ್ಲಿ. ಆ ಕಿರಿದಾದ ಜಾಗದಿಂದ ಶಾಖ ಹೊರಬರುವುದೇ ನಿಧಾನವಾದ್ದರಿಂದ, ಕೂಲರಿಗೆ ಸುರಿದ ಹಣಕ್ಕೆ ತಕ್ಕ ತಂಪು ಸಿಗುವುದಿಲ್ಲ.

ಎರಡನೆಯದು ಪಿಬಿಒ (ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್), ಅಂದರೆ ವಿದ್ಯುತ್ತಿನ ಮಿತಿಯನ್ನು ಸಡಿಲಿಸಿ, ಬೂಸ್ಟ್‌ಗೆ 200 ಮೆಗಾಹರ್ಟ್ಸ್ ಸೇರಿಸಿ, ಉಳಿದದ್ದನ್ನು ಪ್ರೊಸೆಸರಿಗೇ ಬಿಡುವುದು. ಒಂದೆರಡು ಕೋರ್‌ಗಳಷ್ಟೇ ದುಡಿಯುವಾಗ ಇದು ಸ್ಥಿರ ಪದ್ಧತಿಗಿಂತ ಚುರುಕು. ಪೂರ್ತಿ ಹೊರೆಯಲ್ಲಿ ಬಿಸಿಯ ಕಥೆ ಹೆಚ್ಚು ಬೇರೆಯಲ್ಲ. ಎಎಂಡಿಯದೇ ಸೌಲಭ್ಯವಾದರೂ ಇದರಿಂದಾಗುವ ಹಾನಿಗೆ ವಾರಂಟಿ ಇಲ್ಲವೆಂದು ಕಂಪನಿಯೇ ಹೇಳುತ್ತದೆ. ಅನೇಕರು ಇದನ್ನು ಓದದೆ ಮುಂದೆ ಹೋಗುತ್ತಾರೆ.

ನಾನು ಉಳಿಸಿಕೊಂಡಿರುವುದು ಮೂರನೆಯದನ್ನು. ವಿದ್ಯುತ್ತಿನ ಮಿತಿ 76 ವ್ಯಾಟ್‌ನಲ್ಲೇ ಇರಲಿ ಎಂದು ಬಿಟ್ಟು, ಬಯೋಸ್‌ನ ಸೌಲಭ್ಯವಾದ ಕರ್ವ್ ಆಪ್ಟಿಮೈಸರ್‌ನಲ್ಲಿ ಪ್ರತಿ ಕೋರ್‌ನ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಕ್ರಮ ಇದು. ಒಂದು ಮೆಟ್ಟಿಲೆಂದರೆ ಸುಮಾರು 3ರಿಂದ 5 ಮಿಲಿವೋಲ್ಟ್, ಗರಿಷ್ಠ 30 ಮೆಟ್ಟಿಲು. ವೋಲ್ಟೇಜ್ ಇಳಿದಾಗ ಉಳಿಯುವ ವಿದ್ಯುತ್ತನ್ನು ಪ್ರೊಸೆಸರ್ ವೇಗಕ್ಕೆ ಬಳಸಿಕೊಳ್ಳುತ್ತದೆ. ಪೂರ್ತಿ ಹೊರೆಯಲ್ಲಿ 4.6ರ ಆಸುಪಾಸಿನ ವೇಗ, 75 ಡಿಗ್ರಿಯೊಳಗಿನ ತಾಪ, ಎರಡೂ ಒಟ್ಟಿಗೆ ದಕ್ಕಿದವು. ಸ್ಥಿರ 4.7ರ ಎದುರು ವಿಡಿಯೊ ಕೆಲಸ ತುಸು ತಡವಾಗಿ ಮುಗಿಯುತ್ತದೆ, ನಿಜ. ಆ ತಡಕ್ಕಾಗಿ ರಾತ್ರಿಯಿಡೀ ಫ್ಯಾನಿನ ಅಬ್ಬರ ಕೇಳಲು ನಾನು ಸಿದ್ಧನಿಲ್ಲ.

ಆದರೆ ತಾಳ್ಮೆ ಹೆಚ್ಚು ಬೇಡುವುದೂ ಇದೇ. ಸ್ಥಿರ ಪದ್ಧತಿಯ ದೋಷ ಹೊರೆ ಹೇರಿದ ಕೂಡಲೇ ಬಯಲಾದರೆ, ಇದರ ದೋಷ ಹೆಚ್ಚಾಗಿ ಕಾಣಿಸಿಕೊಳ್ಳುವುದು ಕಂಪ್ಯೂಟರ್ ಸುಮ್ಮನಿರುವಾಗ, ಒಂದೇ ಕೋರ್ ದಿಢೀರನೆ ಮೇಲಿನ ವೇಗಕ್ಕೆ ಜಿಗಿದ ಕ್ಷಣದಲ್ಲಿ. ಗಂಟೆಗಟ್ಟಲೆ ಭಾರಿ ಪರೀಕ್ಷೆ ತಾಳಿಕೊಂಡ ಯಂತ್ರ, ಒಂದು ಪಿಡಿಎಫ್ ಓದುತ್ತಿದ್ದಾಗ ಪರದೆ ಕಪ್ಪಾಗಿ ಮರುಚಾಲೂ ಆಯಿತು. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ದಾಖಲಾಗಿದ್ದ ದೋಷದ ಸಾಲಿನಲ್ಲೇ ಯಾವ ಕೋರ್ ಎಂಬ ಗುರುತೂ ಇತ್ತು. ಬಳಿಕ ಕೋರ್‌ಸೈಕ್ಲರ್ ಎಂಬ ಉಚಿತ ಸಾಧನದಿಂದ ಕೋರ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಎಲ್ಲಕ್ಕಿಂತ ವೇಗವಾಗಿ ಓಡುವ ಎರಡು ಕೋರ್‌ಗಳು 10 ಮೆಟ್ಟಿಲು ಮಾತ್ರ ತಡೆದುಕೊಂಡವು, ಉಳಿದ ನಾಲ್ಕು 25ರವರೆಗೂ ಇಳಿದವು. ಬಯೋಸ್ ಅಪ್‌ಡೇಟ್ ಮಾಡಿದರೆ ಇವೆಲ್ಲ ಸಾಮಾನ್ಯವಾಗಿ ಅಳಿಸಿಹೋಗುವುದರಿಂದ, ಆ ಪುಟದ ಫೋಟೊ ಒಂದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದೇನೆ.