ಸಾಮಾನ್ಯ ಫೈಬರ್ ಸಾಕೇ, ಪಾಂಡಾ ಫೈಬರ್ ಬೇಕೇ?

ಲೇಸರ್ ಬೆಳಕನ್ನು ವ್ಯತಿಕರಣಮಾಪಕಕ್ಕೆ (ಬೆಳಕಿನ ಎರಡು ಕಿರಣಗಳನ್ನು ಬೆರೆಸಿ ಅಳೆಯುವ ಉಪಕರಣ) ಒಯ್ಯಲು ಸಾಮಾನ್ಯ ಸಿಂಗಲ್ ಮೋಡ್ ಫೈಬರ್ (ಬೆಳಕು ಒಂದೇ ಬಗೆಯಲ್ಲಿ ಸಾಗುವ ತೆಳು ಗಾಜಿನ ಎಳೆ) ಸಾಕೇ, ಧ್ರುವೀಕರಣವನ್ನು, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕನ್ನು, ಕಾಪಾಡುವ ಪಾಂಡಾ ಫೈಬರ್ ಬೇಕೇ ಎಂದು ಕೇಳಿದ್ದೀರಿ.

ಮೊದಲು ಧ್ರುವೀಕರಣದ ಸ್ಥಿರತೆಯನ್ನು ನೋಡಬೇಕು; ಅದು ಬದಲಾದರೆ ವ್ಯತಿಕರಣಮಾಪಕದ ಅಳತೆಯೂ ಕೆಡುತ್ತದೆ. ಸಾಮಾನ್ಯ ಫೈಬರ್‌ನ ನಡುವೆ ಬೆಳಕು ಸಾಗುವ ತಿರುಳು ಪೂರ್ಣ ವೃತ್ತಾಕಾರವಾಗಿದ್ದರೆ ಧ್ರುವೀಕರಣದ ಎರಡೂ ದಿಕ್ಕುಗಳ ಬೆಳಕು ಒಂದೇ ವೇಗದಲ್ಲಿ ಸಾಗಬೇಕು. ಆದರೆ ಬಾಗು, ಒತ್ತಡ, ತಾಪಮಾನಗಳು ಆ ಸಮತೆಯನ್ನು ಕೆಡಿಸುವುದರಿಂದ, ಮೇಜಿನ ಮೇಲಿರುವ ಎಳೆಯನ್ನು ಬೆರಳಿನಿಂದ ತುಸು ಸರಿಸಿದರೂ ಹೊರಬರುವ ಬೆಳಕಿನ ಧ್ರುವೀಕರಣ ಬದಲಾಗುತ್ತದೆ. ಪಾಂಡಾ ಫೈಬರ್‌ನಲ್ಲಿ ತಿರುಳಿನ ಎರಡೂ ಬದಿಗೆ ಬೋರಾನ್ ಬೆರೆಸಿದ ಗಾಜಿನ ಕಡ್ಡಿಗಳಿರುತ್ತವೆ (ಅಡ್ಡಕೊಯ್ತದಲ್ಲಿ ಅವು ಪಾಂಡಾದ ಕಣ್ಣುಗಳಂತೆಯೇ ಕಾಣುತ್ತವೆ). ಅವುಗಳ ಬಿಗಿತದಿಂದ ವೇಗದ ಅಕ್ಷ, ನಿಧಾನದ ಅಕ್ಷ ಎಂಬ ಎರಡು ದಾರಿಗಳು ಉಂಟಾಗಿ, ಒಂದರಲ್ಲಿ ಸರಿಯಾಗಿ ಹೊಕ್ಕ ಬೆಳಕು ಇನ್ನೊಂದಕ್ಕೆ ಸುಲಭವಾಗಿ ಜಾರುವುದಿಲ್ಲ.

ಜೋಡಣೆಯಲ್ಲಿ ಮಾತ್ರ ಪಾಂಡಾ ಕಠಿಣ. ಅಕ್ಷ 6 ಡಿಗ್ರಿ ತಪ್ಪಿದರೆ ಸುಮಾರು ಶೇ 1ರಷ್ಟು ಬೆಳಕು ಇನ್ನೊಂದು ಅಕ್ಷ ಸೇರುತ್ತದೆ. ಬೆಸೆಯಲು ಎಳೆಯನ್ನು ತಿರುಗಿಸಿ ಹೊಂದಿಸುವ ಯಂತ್ರವೇ ಬೇಕು. ಬೆಲೆಯೂ ಹಲವು ಪಟ್ಟು.

ಎಳೆ ಅಲುಗದಂತೆ ಅಂಟಿಸಿದ್ದು, ಅಳತೆ ಕೆಲವೇ ನಿಮಿಷಗಳದ್ದಾದರೆ ಸಾಮಾನ್ಯ ಫೈಬರ್‌ಗೆ ಮೂರು ಹಲಗೆಗಳ ಧ್ರುವೀಕರಣ ನಿಯಂತ್ರಕ (ಎಳೆ ಸುತ್ತಿದ ಹಲಗೆಗಳನ್ನು ತಿರುಗಿಸಿ ಧ್ರುವೀಕರಣ ಸರಿಪಡಿಸುವ ಸಾಧನ) ಸೇರಿಸಿಕೊಂಡರೆ ಸಾಕು. ರಾತ್ರಿಯಿಡೀ ನಡೆಯುವ ಅಳತೆಗೆ ಪಾಂಡಾ ಫೈಬರ್‌ಗೇ ಹಣ ಹಾಕಿ ಎನ್ನುವೆ. ಬೆಳಕಿನ ತೀವ್ರತೆಯನ್ನಷ್ಟೇ ಓದುವ, ಕಿಲೋಮೀಟರ್‌ಗಟ್ಟಲೆ ಉದ್ದದ ಸಂಪರ್ಕಕ್ಕೆ ಪಾಂಡಾದ ಅಗತ್ಯವಿಲ್ಲ.