ಅಡಲ್ಟರಿ, ಇನ್‌ಫಿಡೆಲಿಟಿ, ಚೀಟಿಂಗ್, ಅಫೇರ್: ಎಲ್ಲಿ ಯಾವುದು ಸರಿ?

ದಾಂಪತ್ಯದ ಮೋಸವನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಪದ ನೋಡಿ ಆರಿಸಿ.

‘ಅಡಲ್ಟರಿ’ ಕೋರ್ಟಿನ ಮಾತು. ಮದುವೆಯಾದವರು ಬೇರೆಯವರ ಜೊತೆ ದೈಹಿಕ ಸಂಬಂಧ ಇಟ್ಟುಕೊಂಡರೆ ಮಾತ್ರ ಸಲ್ಲುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಐಪಿಸಿ 497ನೇ ಸೆಕ್ಷನ್ ರದ್ದು ಮಾಡಿತು. ಅಪರಾಧ ಅನ್ನುವುದು ಹೋಯಿತು, ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಈಗಲೂ ಕಾರಣವೇ. ಅರ್ಜಿಯಲ್ಲಿ ಸುಮ್ನೆ ಬರೆಯಬೇಡಿ, ಸಾಬೀತು ಮಾಡಬೇಕಾಗುತ್ತದೆ.

‘ಇನ್‌ಫಿಡೆಲಿಟಿ’ಯ ವ್ಯಾಪ್ತಿ ಜಾಸ್ತಿ. ಮಧ್ಯರಾತ್ರಿ ಕಳಿಸಿ ಅಳಿಸಿದ ಮೆಸೇಜು, ಮನಸ್ಸಿನ ನಂಟು ಎಲ್ಲವೂ ಸೇರುತ್ತದೆ. ಕೌನ್ಸೆಲರ್ ಹತ್ತಿರ ಇದೇ ಒಳ್ಳೆಯದು.

‘ಚೀಟಿಂಗ್’ ಆಪ್ತರ ಜೊತೆ ಸರಿ. ಪೊಲೀಸ್ ದೂರಿನಲ್ಲಿ ಬೇಡ, ಅಲ್ಲಿ ವಂಚನೆಯ ಹಳೆಯ ಐಪಿಸಿ ಸೆಕ್ಷನ್ 420 ನೆನಪಾಗುತ್ತದೆ.

‘ಅಫೇರ್’ ನನಗೆ ಹಿಡಿಸುವುದಿಲ್ಲ. ಮೋಸಹೋದವರ ನೋವು ಅದರಲ್ಲಿ ಕಾಣುವುದೇ ಇಲ್ಲ, ಅಲ್ವಾ?