ತಟ್ಟೆ ಇಡ್ಲಿಗೆ ಹಬೆ ಬರಿಸಿದ ಮೂರನೇ ಆಯ್ಕೆ

ನಾನು ತುಮಕೂರಲ್ಲಿ ಫ್ಲೆಕ್ಸು, ಲಗ್ನಪತ್ರಿಕೆ ಡಿಸೈನ್ ಮಾಡೋನು. ಕ್ಯಾತ್ಸಂದ್ರದ ಹೋಟೆಲ್ ಯಜಮಾನರೊಬ್ಬರು, "ಅದೇ ಫ್ಲೆಕ್ಸ್ ಚಿತ್ರ ವಾಟ್ಸಾಪ್ ಸ್ಟೇಟಸ್‌ಗೆ ಅಲ್ಲಾಡೋ ಹಂಗೆ ಮಾಡ್ಕೊಡಪ್ಪ" ಅಂದರು. ತಟ್ಟೆ ಇಡ್ಲಿ ಮೇಲೆ ಹಬೆ ಏಳಬೇಕು, ಬೆಣ್ಣೆ ಕರಗಬೇಕು, ಬಡಿಸೋ ಕೈ ಬಂದು ಹೋಗಬೇಕು. ಫೋಟೋಶಾಪ್‌ನಲ್ಲಿ ಎಲ್ಲಾ ಬೇರೆ ಬೇರೆ ಲೇಯರ್‌ನಲ್ಲೇ (ಪದರದಲ್ಲೇ) ಇತ್ತು. ಆ ಫೋಟೋಶಾಪ್ ಫೈಲನ್ನು (ಪಿಎಸ್‌ಡಿ) ಚಿತ್ರ ಅಲ್ಲಾಡಿಸೋ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್‌ಗೆ ಎಳೆದು ಹಾಕಿದರೆ ಮುಗೀತು ಅಂದುಕೊಂಡೆ.

ಇಂಪೋರ್ಟ್ ಮಾಡುವಾಗ, ಫೈಲ್ ಹೇಗೆ ಒಳಗೆ ಬರಬೇಕು ಅಂತ ಒಂದು ಪುಟ್ಟ ಪಟ್ಟಿ ಕೇಳುತ್ತೆ. ಓದದೆ 'ಫೂಟೇಜ್' ಅಂತ ಓಕೆ ಒತ್ತಿದೆ, ಎಲ್ಲಾ ಅಂಟಿಕೊಂಡು ಒಂದೇ ಚಿತ್ರವಾಗಿ ಬಂತು. ಆಮೇಲೆ 'ಕಾಂಪೊಸಿಷನ್' ಆರಿಸಿದೆ. ಲೇಯರ್‌ಗಳೇನೋ ಬಿಡಿಬಿಡಿಯಾಗಿ ಬಂದವು, ಆದರೆ ಒಂದೊಂದೂ ಇಡೀ ಚಿತ್ರದಷ್ಟು ದೊಡ್ಡದು, ಆಂಕರ್ ಪಾಯಿಂಟ್ (ಲೇಯರ್ ತಿರುಗೋ ಕೀಲು) ಎಲ್ಲಕ್ಕೂ ಚಿತ್ರದ ನಟ್ಟನಡುವೆ. ಕೈ ತಿರುಗಿಸಿದರೆ ಸಿದ್ಧಗಂಗೆ ಜಾತ್ರೆ ತೊಟ್ಟಿಲಿನ ಥರ ಇಡ್ಲಿ ಸುತ್ತ ಗಿರಗಿರ ತಿರುಗಿತು. ಯಜಮಾನರು ನೋಡಿದ್ದರೆ ಕಾಫಿಯೂ ಕೊಡ್ತಿರಲಿಲ್ಲ.

ನನಗೆ ಬೇಕಿದ್ದದ್ದು ಮೂರನೆಯದು, 'ಕಾಂಪೊಸಿಷನ್ - ರಿಟೇನ್ ಲೇಯರ್ ಸೈಜಸ್'. ಇದರಲ್ಲಿ ಕೈ ಕೈಯಷ್ಟೇ, ಬೆಣ್ಣೆ ಬೆಣ್ಣೆಯಷ್ಟೇ. ವೈ ಕೀ ಒತ್ತಿ ಆಂಕರನ್ನು ಮೊಣಕೈಗೆ ಎಳೆದಿಟ್ಟೆ, ಬಡಿಸೋರ ಕೈ ಹಾಗೇ ಆಡಿತು. ಹಬೆಗೆ ಫೋಟೋಶಾಪ್‌ನಲ್ಲಿ ಕೊಟ್ಟಿದ್ದ ಸ್ಕ್ರೀನ್ ಮೋಡ್ (ಕಪ್ಪು ಮರೆಯಾಗಿ ಬಿಳುಪಷ್ಟೇ ಕಾಣೋ ಬೆರಕೆ) ಜೊತೆಗೇ ಬಂತು, ಗ್ರೂಪ್‌ಗಳು ಒಳಗೊಂದು ಕಾಂಪ್ (ಕಾಂಪೊಸಿಷನ್) ಆಗಿ ಕೂತವು. ಹೋಟೆಲ್ ಹೆಸರು ಚಿತ್ರವಾಗೇ ಬಂದದ್ದರಿಂದ ಒತ್ತಕ್ಷರ ಎಲ್ಲೂ ಒಡೆಯಲಿಲ್ಲ. ಇಷ್ಟಕ್ಕೇ ಈ ಸಾಫ್ಟ್‌ವೇರ್‌ಗೆ ತಿಂಗಳ ಬಾಡಿಗೆ ಕಟ್ಟಿದ್ದು ದಂಡ ಅನ್ನಿಸಲಿಲ್ಲ.

ನನ್ನ ದಡ್ಡತನ ಇನ್ನೊಂದಿತ್ತು. ಹತ್ತಡಿ-ಎಂಟಡಿ ಫ್ಲೆಕ್ಸು, 72 ಡಿಪಿಐ (ಇಂಚಿಗೆ 72 ಚುಕ್ಕಿ). ಅಂದರೆ 8640 ಇಂಟು 6912 ಪಿಕ್ಸೆಲ್. ಕಾಂಪ್ ಕೂಡ ಅದೇ ಅಳತೆಗೆ ಹುಟ್ಟಿತು, ನನ್ನ 8 ಜಿಬಿ ಸಿಸ್ಟಮ್ ಏದುಸಿರು ಬಿಟ್ಟಿತು. ಫೈಲನ್ನು ಕಾಪಿ ಮಾಡಿ, ಸ್ಕ್ರೀನಿಗೆ ಬೇಕಾದ ಆರ್‌ಜಿಬಿ ಬಣ್ಣಕ್ಕೆ ಬದಲಿಸಿ, 1080 ಇಂಟು 1920ಕ್ಕೆ ಇಳಿಸಿ ಮತ್ತೆ ತಂದೆ.

ಯಜಮಾನರು ನೋಡಿ, "ಬೆಣ್ಣೆ ಇನ್ನೂ ಜಾಸ್ತಿ ಕಾಣ್ಲಿ, ಪಕ್ಕದಲ್ಲಿ ಚಟ್ನಿನೂ ಇರ್ಲಿ" ಅಂದರು. ಎರಡನ್ನೂ ಫೋಟೋಶಾಪ್‌ನಲ್ಲೇ ಸೇರಿಸಿ ಸೇವ್ ಮಾಡಿ, ಆಫ್ಟರ್ ಎಫೆಕ್ಟ್ಸ್‌ನಲ್ಲಿ ರೀಲೋಡ್ ಕೊಟ್ಟೆ. ಬೆಣ್ಣೆ ತಾನಾಗೇ ದಪ್ಪ ಆಯ್ತು. ಚಟ್ನಿ ಹೊಸ ಲೇಯರ್ ಅಲ್ವಾ, ಅದು ಮಾತ್ರ ಬರಲಿಲ್ಲ. ಆ ಒಂದು ಬಟ್ಟಲನ್ನ ಬೇರೆಯಾಗಿ ಇಂಪೋರ್ಟ್ ಮಾಡಿ ತಟ್ಟೆ ಪಕ್ಕ ಇಟ್ಟೆ.